ಆಕಸ್ಮಿಕವಾಗಿ ಸಿಕ್ಕ ಸ್ಮಶಾನವಲ್ಲ

ಟೆಕ್ಸಸ್‌ನ ಹ್ಯೂಸ್ಟನ್‌ಗೆ ಅಂಟಿಕೊಂಡಿರುವ ಫೋರ್ಟ್ ಬೆಂಡ್ ಕೌಂಟಿಯ ಮಾತು ಬಂದರೆ ಎರಡು ಸಂಗತಿ ಹೇಳುವುದು ವಾಡಿಕೆ. ಬಿಳಿಯರು, ಕಪ್ಪು ಜನ, ಲ್ಯಾಟಿನೋಗಳು, ಏಷ್ಯನ್ನರು ಹೆಚ್ಚುಕಡಿಮೆ ಸಮಪಾಲಿನಲ್ಲಿರುವ ಹೊಸ ಅಮೆರಿಕ ಇದು ಎನ್ನುವುದು ಒಂದು. 2018ರಲ್ಲಿ ಅಲ್ಲಿನ ಶುಗರ್ ಲ್ಯಾಂಡ್‌ನಲ್ಲಿ ಶಾಲಾ ಕಟ್ಟಡಕ್ಕೆ ನೆಲ ಅಗೆಯುವಾಗ ಆಕಸ್ಮಿಕವಾಗಿ 95 ಜನರ ಅಸ್ಥಿ ಸಿಕ್ಕಿತು ಎನ್ನುವುದು ಇನ್ನೊಂದು. ಎರಡನೆಯದರಲ್ಲಿ 'ಆಕಸ್ಮಿಕ' ಎನ್ನುವುದು ಸುಳ್ಳು, ಮೊದಲನೆಯದು ಅರ್ಧ ಲೆಕ್ಕ.

ರೆಜಿನಾಲ್ಡ್ ಮೂರ್ ಒಂದು ಕಾಲಕ್ಕೆ ಜೈಲಿನ ಕಾವಲುಗಾರರಾಗಿದ್ದವರು. ಹತ್ತಿರದ ಹಳೆಯ ಜೈಲು ಸ್ಮಶಾನವನ್ನು ನೋಡಿಕೊಳ್ಳುತ್ತಿದ್ದರು. ಅದರ ಸುತ್ತಮುತ್ತ ಇನ್ನಷ್ಟು ಕೈದಿಗಳನ್ನು ಹೂತಿದ್ದಾರೆ ಎಂದು ವರ್ಷಗಟ್ಟಲೆ ಬಡಿದುಕೊಂಡರು. ಜೆಸಿಬಿ ಹಲ್ಲಿಗೆ ಮೂಳೆ ಸಿಗುವವರೆಗೆ ಅವರದು ಒಬ್ಬ ಮನುಷ್ಯನ ಹಟವಾಗಿತ್ತು, ಅಷ್ಟೇ.

ಆ ಕೈದಿಗಳ ಕಥೆ ಶುರುವಾಗುವುದು ಇಲ್ಲಿಂದ: ಗುಲಾಮಗಿರಿಯನ್ನು ರದ್ದುಮಾಡಿದ 1865ರ ಸಂವಿಧಾನ ತಿದ್ದುಪಡಿಯಲ್ಲೇ 'ಅಪರಾಧಕ್ಕೆ ಶಿಕ್ಷೆಯಾದವರನ್ನು ಬಿಟ್ಟು' ಎಂಬ ಕಿಂಡಿ ಇತ್ತು. 1878ರಲ್ಲಿ ಕನ್ನಿಂಗ್‌ಹ್ಯಾಮ್, ಎಲ್ಲಿಸ್ ಎಂಬ ಇಬ್ಬರು ತೋಟದ ಮಾಲೀಕರು ಟೆಕ್ಸಸ್‌ನ ಕೈದಿಗಳನ್ನೆಲ್ಲ ಸರ್ಕಾರದಿಂದ ಗುತ್ತಿಗೆ ಹಿಡಿದು ಹಲವರನ್ನು ಕಬ್ಬಿನ ಗದ್ದೆಗೆ ಇಳಿಸಿದರು. ಕೊಂಡ ಗುಲಾಮ ಸತ್ತರೆ ಒಡೆಯನಿಗೆ ನಷ್ಟ. ಗುತ್ತಿಗೆಯ ಕೈದಿ ಸತ್ತರೆ ಇನ್ನೊಬ್ಬ ಬರುತ್ತಾನೆ. ಸಿಕ್ಕ 95 ಜನರಲ್ಲಿ ಸುಮಾರು ಹದಿನಾಲ್ಕರ ಹುಡುಗನೂ ಇದ್ದ, ಒಬ್ಬ ಹೆಂಗಸೂ ಇದ್ದಳು. ಅತಿದುಡಿಮೆ ಮೂಳೆಗಳ ಮೇಲೆಯೇ ಗುರುತು ಬಿಟ್ಟಿತ್ತು. ಜೊತೆಗೆ ಸರಪಳಿಯ ತುಂಡುಗಳು. ಊರಿನ ಹೆಸರಿನಲ್ಲಿರುವ ಸಕ್ಕರೆ ಇವರದು.

ಇನ್ನು ವೈವಿಧ್ಯ. ಅಂತರ್ಯುದ್ಧದ ನಂತರದ ದಶಕಗಳಲ್ಲಿ ಇಲ್ಲಿ ಕಪ್ಪು ಜನರೇ ಬಹುಸಂಖ್ಯಾತರು, ಚುನಾಯಿತ ಹುದ್ದೆಗಳಲ್ಲೂ ಇದ್ದರು. 1889ರಲ್ಲಿ ಬಂದೂಕು ಹಿಡಿದು ಅಧಿಕಾರ ಕಿತ್ತುಕೊಂಡ ಬಿಳಿಯರ 'ಜೇಬರ್ಡ್' ಸಂಘ, ತನ್ನ ಒಳಚುನಾವಣೆಯಿಂದ ಕಪ್ಪು ಜನರನ್ನು ಹೊರಗಿಟ್ಟಿತು. 1953ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೂ ಅದು ನಡೆಯಿತು. ನಮ್ಮಂಥ ವಲಸಿಗರು ಬಂದಿಳಿದ ದಿನದಿಂದ ವೈವಿಧ್ಯವನ್ನು ಎಣಿಸತೊಡಗಿದರೆ ಈ ಪುಟಗಳು ಬಿಟ್ಟುಹೋಗುತ್ತವೆ. ಬಿಟ್ಟುಹೋಗುವುದು ಬಹಳ ಜನಕ್ಕೆ ಅನುಕೂಲವೂ ಹೌದು.

2019ರ ನವೆಂಬರ್‌ನಲ್ಲಿ ಅಸ್ಥಿಗಳನ್ನು ಅದೇ ನೆಲದಲ್ಲಿ ಮತ್ತೆ ಹೂಳಲಾಯಿತು. ಮೂರ್ ಮರುವರ್ಷ ತೀರಿಕೊಂಡರು. ಶುಗರ್ ಲ್ಯಾಂಡ್ ಕಡೆಯ ಕನ್ನಡಿಗರು ಊರಿಂದ ಬಂದ ಅಪ್ಪ ಅಮ್ಮನಿಗೆ ಅಷ್ಟಲಕ್ಷ್ಮಿ ದೇವಸ್ಥಾನದ 90 ಅಡಿ ಹನುಮಂತನನ್ನು ತೋರಿಸಲಿ, ತಪ್ಪೇನಿಲ್ಲ. ಬರುವಾಗ ಕಾರನ್ನು ಈ ಸ್ಮಶಾನದ ಕಡೆಗೂ ಒಮ್ಮೆ ತಿರುಗಿಸಲಿ.