ಹಳೆಯ ಹಾಡು, ಹೊಸ ಕೊರಳು

ಅಮೆರಿಕೆಯ ‘ಆಲ್ಟರ್ನೇಟಿವ್ ಕಂಟ್ರಿ’ ಸಂಗೀತದ ಹುಟ್ಟನ್ನು 1990ರಿಂದ ಎಣಿಸುವುದು ವಾಡಿಕೆ. ಇಲಿನಾಯ್ ಸಂಸ್ಥಾನದ ಬೆಲ್‌ವಿಲ್ ಊರಿನ ಮೂವರು ತರುಣರ ‘ಅಂಕಲ್ ಟುಪೆಲೊ’ ಎಂಬ ಮೇಳ ಆ ವರ್ಷ ‘ನೋ ಡಿಪ್ರೆಷನ್’ ಎಂಬ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಿತು. 1995ರಲ್ಲಿ ಸಿಯಾಟಲ್‌ನಲ್ಲಿ ಆರಂಭವಾದ ಪತ್ರಿಕೆಯೊಂದು ಅದೇ ಹೆಸರನ್ನು ತಳೆದುದರಿಂದ ಈ ಎಣಿಕೆ ಗಟ್ಟಿಯಾಯಿತು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಗ್ರಾಮ್ ಪಾರ್ಸನ್ಸ್ ಎಂಬ ಗಾಯಕನು ‘ಬರ್ಡ್ಸ್’ ಮೇಳದವರೊಡನೆ 1968ರಲ್ಲಿಯೇ ರಾಕ್ ಸಂಗೀತಕ್ಕೂ ಕಂಟ್ರಿ ಸಂಗೀತಕ್ಕೂ ನಂಟು ಬೆಳೆಸಿದ್ದನು.

ಕಂಟ್ರಿ ಎಂಬುದು ಅಲ್ಲಿನ ದಕ್ಷಿಣದ ಬೆಟ್ಟಸೀಮೆಯ ಹಳ್ಳಿಗರ ಹಾಡು. ಪಿಟೀಲು, ಬ್ಯಾಂಜೊ, ಗಿಟಾರ್ ಅದರ ವಾದ್ಯಗಳು. 1950ರ ದಶಕದ ಕೊನೆಯಿಂದ ನ್ಯಾಶ್‌ವಿಲ್ ನಗರದ ಮುದ್ರಣಾಲಯಗಳು ಇದಕ್ಕೆ ವೃಂದವಾದ್ಯವನ್ನೂ ಹಿಮ್ಮೇಳವನ್ನೂ ಕೂಡಿಸಿ ನುಣುಪುಗೊಳಿಸಿದುವು. ಧ್ವನಿ ಇಂಪಾಯಿತು, ಮಣ್ಣಿನ ವಾಸನೆ ಹೋಯಿತು. ಬೆಲ್‌ವಿಲ್ಲಿನ ತರುಣರು ಆ ನುಣುಪನ್ನು ಹಾದುಹೋಗಿ ಹಿಂದಿನ ಹಾಡುಗಳನ್ನೇ ಹುಡುಕಿದರು.

ಮುದ್ರಿಕೆಗೆ ಹೆಸರು ಕೊಟ್ಟ ಹಾಡನ್ನೇ ನೋಡೋಣ. ಇದನ್ನು ಕಾರ್ಟರ್ ಕುಟುಂಬದವರು 1936ರಲ್ಲಿ, ಅಮೆರಿಕೆಯ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಹಾಡಿದ್ದರು. ಈ ಲೋಕದಲ್ಲಿ ಹಸಿವು, ಬಡತನ. ಪರಲೋಕದಲ್ಲಿ ಇವೊಂದೂ ಇಲ್ಲ ಎಂಬುದು ಅದರ ಭಾವ. ಕಾರ್ಟರ್ ಕುಟುಂಬದವರ ಕಂಠದಲ್ಲಿ ಆತುರವಿಲ್ಲ, ಹೋಗುವ ಮನೆಯ ದಾರಿ ಗೊತ್ತಿದ್ದವರಂತೆ ಹಾಡುತ್ತಾರೆ. ಜೇ ಫರಾರ್ ಅದೇ ಮಾತುಗಳನ್ನು ಹಾಡಿದಾಗ ಪರಲೋಕ ದೂರ ಸರಿಯುತ್ತದೆ. ಉಳಿಯುವುದು ಇಲ್ಲಿಯ ದಣಿವು. ಪಂಕ್ ಸಂಗೀತದಲ್ಲಿ ಪಳಗಿದ ತರುಣನಿಗೆ ಈ ಹಾಡಿನ ಮೇಲೆ ಅಧಿಕಾರವುಂಟೆ? ಭಕ್ತಿಯಿಲ್ಲದವನು ಕೀರ್ತನೆ ಹಾಡಬಹುದೆ ಎಂಬ ನಮ್ಮಲ್ಲಿಯ ಪ್ರಶ್ನೆಯೂ ಇದೇ ತಾನೆ! ಉಂಟೆಂದೇ ನನ್ನ ಮತ. ಆತನು ಭಕ್ತಿಯನ್ನು ನಟಿಸುವುದಿಲ್ಲ, ಹಾಡನ್ನು ಹಾಸ್ಯಕ್ಕೂ ಎಳೆಯುವುದಿಲ್ಲ. ಈ ಪಂಥದ ಆಕರ್ಷಣೆ ಈ ಸಂಯಮದಲ್ಲಿದೆ.

ಸಂಯಮದ ಪರಾಕಾಷ್ಠೆ ಮೂರನೆಯ ಮುದ್ರಿಕೆ. 1992ರ ಮಾರ್ಚ್ 16ರಿಂದ 20ರವರೆಗೆ, ಐದೇ ದಿನಗಳಲ್ಲಿ, ಜಾರ್ಜಿಯದ ಏಥೆನ್ಸಿನಲ್ಲಿ ಸಿದ್ಧವಾದ ಅದಕ್ಕೆ ಆ ತಾರೀಖುಗಳೇ ಹೆಸರು. ಆ ವರ್ಷ ಅಬ್ಬರದ ವಿದ್ಯುತ್ ಗಿಟಾರಿಗೆ ದೇಶದಲ್ಲೆಲ್ಲ ಬೇಡಿಕೆಯಿತ್ತು. ಇವರು ಅದನ್ನು ಬಹುಮಟ್ಟಿಗೆ ಕೆಳಗಿಟ್ಟು ಗಣಿಕಾರರ ಹಳೆಯ ಹಾಡುಗಳನ್ನು ಮೆಲ್ಲನೆ ಹಾಡಿದರು. ನನ್ನ ಕಿವಿಗೆ ಮೊದಲ ಮುದ್ರಿಕೆಗಿಂತ ಇದೇ ಮೇಲು.

1994ರಲ್ಲಿ ಮೇಳ ಒಡೆಯಿತು; ಫರಾರನಿಂದ ‘ಸನ್ ವೋಲ್ಟ್’, ಜೆಫ್ ಟ್ವೀಡಿಯಿಂದ ‘ವಿಲ್ಕೊ’ ಹುಟ್ಟಿದುವು. ಅನಂತರ ಬಂದವರಲ್ಲಿ ಕೆಲವರಿಗೆ ಬಡತನವು ವೇಷವಾಯಿತು. ಆ ಪತ್ರಿಕೆಯೇ ‘ಆಲ್ಟರ್ನೇಟಿವ್ ಕಂಟ್ರಿ’ ಎಂದರೇನೆಂದು ಮುಖಪುಟದಲ್ಲಿ ನಗೆಯಾಡುತ್ತಿತ್ತು.

ಆಸಕ್ತರು 1936ರ ಮುದ್ರಣವನ್ನು ಮೊದಲು ಕೇಳಬೇಕು. ಮೇಬೆಲ್ ಕಾರ್ಟರ್ ಹೆಬ್ಬೆರಳಿನಿಂದ ಮಂದ್ರದ ತಂತಿಗಳಲ್ಲಿ ಧಾಟಿಯನ್ನು ಮೀಟುತ್ತ, ಉಳಿದ ತಂತಿಗಳಲ್ಲಿ ಲಯವನ್ನು ನಡೆಸುವ ರೀತಿಯನ್ನು ಗಮನಿಸಿ, ಅನಂತರ 1990ರದಕ್ಕೆ ಬರಬೇಕು.