ಅರಮನೆಯ ಗೋಡೆಗಳನ್ನು ಓದುವ ಬಗೆ

ದಸರೆಯ ದಿನಗಳಲ್ಲಿ ನಂಜನಗೂಡಿನಿಂದ, ತಿರುಮಕೂಡಲು ನರಸೀಪುರದಿಂದ ಮೈಸೂರಿಗೆ ಹೊರಡುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗೆ ಹೋದ ನಮ್ಮ ಜನ ಅರಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನಡೆಯುತ್ತಾರೆ. ಕಲ್ಯಾಣ ಮಂಟಪದ ಬಣ್ಣದ ಗಾಜಿನ ನವಿಲುಗಳನ್ನು ತಲೆಯೆತ್ತಿ ನೋಡುತ್ತಾರೆ, ಚಿನ್ನದ ಅಂಬಾರಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ, ‘ಎಂಥ ವೈಭವ!’ ಎನ್ನುತ್ತಾ ಹೊರಬರುತ್ತಾರೆ. ಈ ಬೆರಗು ಸಹಜವಾದದ್ದು. ಯಾಕೆಂದರೆ ಅರಮನೆಯ ಒಳಾಂಗಣವನ್ನು ಕಟ್ಟುವುದೇ ನೋಡುವವರಲ್ಲಿ ಬೆರಗು ಹುಟ್ಟಿಸುವುದಕ್ಕಾಗಿ. ಆದರೆ ದೊರೆಗಳ ಕಾಲ ಮುಗಿದ ಮೇಲೂ ನಾವು ಬರೀ ಬೆರಗಾಗಿ ಮರಳಿದರೆ, ಆ ಗೋಡೆಗಳು ತಮಗೆ ವಹಿಸಿದ ಕೆಲಸವನ್ನು ಇನ್ನೂ ಮಾಡುತ್ತಿವೆ ಎಂದೇ ಅರ್ಥ. ಗೋಡೆಯ ಮೇಲಿನ ಚಿನ್ನ ದೊರೆಯ ಬಲಕ್ಕೆ ಅಳತೆಯೇ? ಅಥವಾ ಕೈಜಾರುತ್ತಿದ್ದ ಬಲವನ್ನು ಮರೆಮಾಚುವ ಪರದೆಯೇ? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಅರಮನೆಯನ್ನು ನೋಡಿದರೆ ಅರ್ಧ ಮಾತ್ರ ನೋಡಿದಂತೆ.

ಯುರೋಪಿನ ದೊರೆಗಳು ಈ ಕಲೆಯನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಬೆಳೆಸಿದ್ದರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1682ರಲ್ಲಿ ತನ್ನ ಆಸ್ಥಾನವನ್ನು ವರ್ಸೇಲ್ಸಿಗೆ ಸಾಗಿಸಿದ. ಅಲ್ಲಿ ಒಂದರ ಹಿಂದೊಂದು ಕೋಣೆ. ಎಷ್ಟನೆಯ ಕೋಣೆಯವರೆಗೆ ಹೋಗಲು ಅಪ್ಪಣೆಯಿದೆ ಎಂಬುದೇ ಒಬ್ಬ ಶ್ರೀಮಂತನ ಅಂತಸ್ತು. ದೊರೆ ಬೆಳಿಗ್ಗೆ ಹಾಸಿಗೆಯಿಂದ ಏಳುವುದೂ ಒಂದು ದರ್ಬಾರು. ಅವನಿಗೆ ಅಂಗಿ ಎತ್ತಿಕೊಡುವ ಭಾಗ್ಯಕ್ಕಾಗಿ ದೊಡ್ಡ ಮನೆತನದವರು ಪೈಪೋಟಿ ನಡೆಸುತ್ತಿದ್ದರು. ತಮ್ಮ ಸೀಮೆಗಳಲ್ಲಿ ದಂಗೆಯೇಳಬಹುದಾಗಿದ್ದ ಸರದಾರರನ್ನು ಅಂಗಿ ಹಿಡಿದು ಕಾಯುವಂತೆ ಮಾಡಿದ್ದು ಆ ಒಳಾಂಗಣದ ರಾಜಕಾರಣ.

ಆದರೆ ಎಲ್ಲ ಒಳಾಂಗಣಗಳೂ ಬಲದ ಕಾಲದವಲ್ಲ. ಸ್ಪೇನಿನ ನಾಲ್ಕನೆಯ ಫಿಲಿಪ್ 1630ರ ದಶಕದಲ್ಲಿ ಮ್ಯಾಡ್ರಿಡ್‌ನ ತನ್ನ ಅರಮನೆಯ ಸಭಾಂಗಣವೊಂದರಲ್ಲಿ ತನ್ನ ಸೈನ್ಯದ ಹನ್ನೆರಡು ವಿಜಯಗಳ ಚಿತ್ರಗಳನ್ನು ತೂಗುಹಾಕಿಸಿದ. ಕೆಲವೇ ವರ್ಷಗಳಲ್ಲಿ, 1640ರಲ್ಲಿ, ಪೋರ್ಚುಗಲ್ ಅವನ ಕೈಬಿಟ್ಟುಹೋಯಿತು. ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್ ತನ್ನ ತಂದೆಯ ಆಳ್ವಿಕೆಯನ್ನು ದೈವಿಕವೆಂದು ಕೊಂಡಾಡುವ ಚಿತ್ರಗಳನ್ನು ರೂಬೆನ್ಸ್‌ನಿಂದ ಬರೆಸಿ ಲಂಡನ್ನಿನ ಅರಮನೆಯ ಸೂರಿಗೆ ಹೊದಿಸಿದ. 1649ರಲ್ಲಿ ಅದೇ ಸೂರಿನಡಿಯಿಂದ ಅವನನ್ನು ವಧಾಸ್ಥಾನಕ್ಕೆ ನಡೆಸಿಕೊಂಡು ಹೋದರು. ಚಿತ್ರ ಹೇಗಿತ್ತೋ ಹಾಗೇ ಉಳಿಯಿತು.

ನಮ್ಮ ನೆರೆಯ ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನವಿದೆ. ಇಂಗ್ಲಿಷರ ಚೌಕಾಕಾರದ ಸೇನಾವ್ಯೂಹದ ನಡುವೆ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಹೈದರ್ ಮತ್ತು ಟಿಪ್ಪು ಮಾತ್ರ ಮೆರವಣಿಗೆಗೆ ಹೊರಟವರಂತೆ ನಿರಾತಂಕವಾಗಿ ಸಾಗುತ್ತಿದ್ದಾರೆ. ಬಂದ ಅತಿಥಿ, ರಾಯಭಾರಿ ಯಾರೇ ಆಗಲಿ, ಇಂಗ್ಲಿಷರನ್ನು ಸೋಲಿಸಬಹುದು ಎಂಬ ಮಾತನ್ನು ಈ ಗೋಡೆಯಲ್ಲಿ ಓದಿಕೊಳ್ಳದೆ ಇರುವಂತಿರಲಿಲ್ಲ.

ಟಿಪ್ಪು ವಾಸವಿದ್ದ ಕೋಟೆಯೊಳಗಿನ ಅರಮನೆ ಬೇರೆಯೇ ಮಾತನ್ನು ಹೇಳುತ್ತಿತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಅದನ್ನು ನೋಡಿದ ಫ್ರಾನ್ಸಿಸ್ ಬುಕಾನನ್ ವಿವರಗಳನ್ನು ಬರೆದಿಟ್ಟಿದ್ದಾನೆ. ಒಳಚೌಕಕ್ಕೆ ಹೋಗುವ ಇಕ್ಕಟ್ಟಾದ ದಾರಿಯಲ್ಲಿ ನಾಲ್ಕು ಹುಲಿಗಳನ್ನು ಸರಪಳಿಯಲ್ಲಿ ಕಟ್ಟಿರುತ್ತಿದ್ದರು. ಸುಲ್ತಾನನ ಮಲಗುವ ಕೋಣೆಯಲ್ಲಿ ಸೂರಿನಿಂದ ಸರಪಳಿಗಳಿಗೆ ತೂಗುಬಿಟ್ಟ ಹಾಸಿಗೆ, ಅದರೊಳಗೆ ಖಡ್ಗ, ಮದ್ದು ತುಂಬಿದ ಪಿಸ್ತೂಲುಗಳು. ಲೂಯಿಯ ಮಲಗುವ ಕೋಣೆ ರಂಗಮಂಚವಾಗಿದ್ದರೆ ಟಿಪ್ಪುವಿನದು ಕೋಟೆಯೊಳಗಿನ ಕೋಟೆ. ಅವನ ಆತ್ಮವಿಶ್ವಾಸ ದರಿಯಾ ದೌಲತ್ತಿನ ಗೋಡೆಯ ಮೇಲಿದ್ದರೆ, ಅವನ ಆತಂಕ ಈ ಕೋಣೆಯಲ್ಲಿತ್ತು. ಎರಡನ್ನೂ ಒಟ್ಟಿಗೆ ಓದಿದಾಗಲೇ ಆ ಮನುಷ್ಯ ನಮಗೆ ಅರ್ಥವಾಗುವುದು. ಅವನನ್ನು ಬರೀ ಹೊಗಳುವವರಿಗೂ ಬರೀ ತೆಗಳುವವರಿಗೂ ಇದು ಬೇಕಾಗುವುದಿಲ್ಲ.

1799ರ ನಂತರ ನಡೆದದ್ದೂ ಗಮನಾರ್ಹ. ಗೆದ್ದವರು ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಹುಲಿಯ ತಲೆ ಇಂಗ್ಲೆಂಡಿನ ದೊರೆಮನೆ ಸೇರಿತು. ಕೋಟೆಯ ಅರಮನೆಯೂ ನೆಲಕ್ಕುರುಳಿತು. ಆದರೆ ತಮ್ಮ ಸೋಲನ್ನೇ ಸಾರುವ ದರಿಯಾ ದೌಲತ್ತಿನ ಚಿತ್ರಗಳನ್ನು ಇಂಗ್ಲಿಷರು ಉಳಿಸಿಕೊಂಡರು. ಅಲ್ಲಿ ತಂಗಿದ್ದ ಆರ್ಥರ್ ವೆಲ್ಲೆಸ್ಲಿ ಅವನ್ನು ಸರಿಪಡಿಸಿದ, ಮುಂದೆ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬಣ್ಣ ಹಚ್ಚಿಸಲಾಯಿತು. ಶತ್ರು ಇಲ್ಲವಾದ ಮೇಲೆ ಅವನ ವಿಜಯದ ಚಿತ್ರ ಯಾರನ್ನೂ ಹೆದರಿಸುವುದಿಲ್ಲ. ಅದು ಗೆದ್ದವನ ಗೆಲುವನ್ನು ಇನ್ನಷ್ಟು ದೊಡ್ಡದಾಗಿ ತೋರಿಸುತ್ತದೆ.

ಈಗ ನಂಜನಗೂಡಿಗೆ ಬರೋಣ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಹೆಸರಿಗೆ ಮಾತ್ರ ದೊರೆ. ಆದರೆ ಅವರ ಕಾಲದ ಕಲೆ, ಕಟ್ಟಡಗಳ ಬಹುಪಾಲು ಈ ಅಧಿಕಾರವಿಲ್ಲದ ಮೂವತ್ತೇಳು ವರ್ಷಗಳದ್ದು. ಶ್ರೀಕಂಠೇಶ್ವರ ದೇವಾಲಯದ ಸುಮಾರು 120 ಅಡಿಯ ಏಳಂತಸ್ತಿನ ಗೋಪುರ 1840ರ ದಶಕದಲ್ಲಿ ಎದ್ದಿತು. ಮೈಸೂರಿನ ಜಗನ್ಮೋಹನ ಅರಮನೆ 1861ರದು. ಅದರ ಗೋಡೆಯ ಮೇಲೆ ಒಡೆಯರ ವಂಶಾವಳಿಯೇ ಚಿತ್ರವಾಗಿ ಹಬ್ಬಿದೆ. ನಂಜನಗೂಡಿನ ದೇವಾಲಯದೊಳಗೆ ಕೈಮುಗಿದು ನಿಂತ ದೊರೆ ಮತ್ತು ರಾಣಿಯರ ವಿಗ್ರಹಗಳಿವೆ. ಕಂದಾಯ ವಸೂಲಿ, ಸೈನ್ಯ, ನ್ಯಾಯ ಎಲ್ಲವೂ ಕಮಿಷನರನ ಕಚೇರಿಗೆ ಹೋದಾಗ ದೊರೆಗೆ ಉಳಿದದ್ದು ಗೋಡೆ, ಗೋಪುರ ಮತ್ತು ಗರ್ಭಗುಡಿಯ ದಾರಿ. ಅರಮನೆಯ ಬಾಗಿಲು ದಾಟಲಾಗದ ರೈತನ ಕಣ್ಣಿಗೂ ದೊರೆ ಜಾತ್ರೆಯ ದಿನ ಇಲ್ಲಿ ಬೀಳುತ್ತಿದ್ದ, ಭಕ್ತನ ರೂಪದಲ್ಲಿ.

ಇದೇ ದೇವಾಲಯದಲ್ಲಿ ಟಿಪ್ಪು ಕೊಟ್ಟನೆಂದು ಹೇಳುವ ಪಚ್ಚೆಲಿಂಗವೂ ಇದೆ. ತನ್ನ ಆನೆಯ ಕಣ್ಣು ವಾಸಿಯಾದದ್ದಕ್ಕೆ ಅವನು ಈ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬುದು ಜನರ ನಂಬಿಕೆ. ಅರಮನೆಗಳ ಗೋಡೆಗಳು ಎರಡು ವಂಶಗಳನ್ನು ಎದುರಾಳಿಗಳನ್ನಾಗಿ ನಿಲ್ಲಿಸಿದರೆ, ಗುಡಿಯ ಒಳಗೆ ಇಬ್ಬರ ಗುರುತುಗಳೂ ಒಂದೇ ಸೂರಿನಡಿ ಇವೆ. ನಂಜನಗೂಡಿನವರಿಗೆ ಇದೊಂದು ವಿಶೇಷವೆಂದು ಅನ್ನಿಸಿದ್ದೇ ಇಲ್ಲ.

ಇಂದಿನ ಅಂಬಾವಿಲಾಸ ಅರಮನೆ ಈ ಕಥೆಯ ಮುಂದಿನ ಅಧ್ಯಾಯ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ಕಟ್ಟಡ 1912ರಲ್ಲಿ ಮುಗಿಯಿತು. ವೆಚ್ಚ ಸುಮಾರು 42 ಲಕ್ಷ ರೂಪಾಯಿ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸುವಾಗ ಇಂಗ್ಲಿಷರು ನಿಗದಿ ಮಾಡಿದ್ದ ಪೊಗದಿ ವರ್ಷಕ್ಕೆ 35 ಲಕ್ಷ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಅರಮನೆಯ ಚಿನ್ನದ ಹಿಂದಿನ ಸ್ಥಿತಿ ಕಾಣುತ್ತದೆ. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಬಂದದ್ದೂ ಗ್ಲಾಸ್ಗೋದಿಂದ. ದಸರೆಯಲ್ಲಿ ಐರೋಪ್ಯರಿಗೆಂದೇ ಬೇರೆ ದರ್ಬಾರು ನಡೆಯುತ್ತಿತ್ತು. ಸಾರ್ವಜನಿಕ ದರ್ಬಾರು ಮಂಟಪ ಪೂರ್ವದ ಬಯಲಿಗೆ ತೆರೆದುಕೊಂಡಿದೆ: ದೊರೆ ಮೇಲೆ, ಪ್ರಜೆ ಕೆಳಗೆ ಬಯಲಲ್ಲಿ. ಒಳಗೆ ಯಾರು, ಹೊರಗೆ ಯಾರು ಎಂಬುದನ್ನು ಕಟ್ಟಡವೇ ಹೇಳುತ್ತದೆ, ಕಾವಲುಗಾರ ಹೇಳಬೇಕಾಗಿಲ್ಲ.

ಕಲ್ಯಾಣ ಮಂಟಪದ ಸುತ್ತಲಿನ 26 ಚಿತ್ರಗಳಲ್ಲಿ ದಸರೆಯ ಮೆರವಣಿಗೆ ಸಾಗುತ್ತದೆ. 1930 ಮತ್ತು 40ರ ದಶಕಗಳಲ್ಲಿ ಮೈಸೂರಿನ ಕಲಾವಿದರು ಬಹಳ ಶ್ರದ್ಧೆಯಿಂದ ಬರೆದ ಚಿತ್ರಗಳಿವು. ಅವರ ಕೈಚಳಕವನ್ನು ಮೆಚ್ಚದೆ ಇರಲು ಸಾಧ್ಯವಿಲ್ಲ. ಅವುಗಳಲ್ಲಿ ಪ್ರಜೆಗಳು ಶಿಸ್ತಾಗಿ ನಿಂತು ನೋಡುವ ಜನ. ಆದರೆ ಅದೇ ಕಾಲದಲ್ಲಿ ಗೋಡೆಯಾಚೆಯ ಪ್ರಜೆಗಳು ಬೇರೆಯೇ ಆಗಿದ್ದರು. 1938ರಲ್ಲಿ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದವರ ಮೇಲೆ ಗುಂಡು ಹಾರಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆಯಬೇಕಾಯಿತು. 1947ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದ. ಅರಮನೆಯಿಂದ ಅಷ್ಟೇನೂ ದೂರವಿಲ್ಲದ ವೃತ್ತಕ್ಕೆ ಇಂದು ಅವನ ಹೆಸರಿದೆ. ನಂಜನಗೂಡಿನ ಬಸ್ಸಿನಲ್ಲಿ ಬರುವ ಎಷ್ಟೋ ಮಂದಿ ಆ ವೃತ್ತವನ್ನು ಬಲ್ಲರು, ಆ ಹುಡುಗನನ್ನು ಬಲ್ಲವರು ಕಡಿಮೆ. ಅವನ ಚಿತ್ರ ಆ 26ರಲ್ಲಿ ಇಲ್ಲ, ಇರುವಂತೆಯೂ ಇರಲಿಲ್ಲ.

ಚಿನ್ನದ ಹಿಂದೆ ಅರಮನೆ ಒಂದು ಅಳುಕನ್ನೂ ಇಟ್ಟುಕೊಂಡಿದೆ. ಅದರ ಬೇರು ತಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಮೇಲೆ ಅಲ್ಲಿಯ ಪ್ರತಿನಿಧಿಯ ಮಡದಿ ಅಲಮೇಲಮ್ಮನ ಒಡವೆಗಳಿಗಾಗಿ ಆಳುಗಳನ್ನು ಕಳಿಸಿದರೆಂದೂ, ಆಕೆ ತಲಕಾಡು, ಮಾಲಂಗಿ ಮತ್ತು ಒಡೆಯರ ಸಂತಾನಕ್ಕೆ ಶಾಪವಿತ್ತು ಕಾವೇರಿಗೆ ಹಾರಿದಳೆಂದೂ ಐತಿಹ್ಯ. ಆಕೆಯ ವಿಗ್ರಹ ಮಾಡಿಸಿ ಅರಮನೆಯಲ್ಲಿ ಪೂಜಿಸುವ ಪದ್ಧತಿ ಅಂದಿನಿಂದ ಬಂದಿತೆನ್ನುತ್ತಾರೆ. ಶಾಪ ನಿಜವೇ ಸುಳ್ಳೇ ಎಂಬುದು ನಮಗೆ ಮುಖ್ಯವಲ್ಲ. ಸಿಂಹಾಸನ ತಾನು ನೋಯಿಸಿದ ಹೆಣ್ಣೊಬ್ಬಳನ್ನು ಮರೆಯಲಾಗದೆ ಮನೆಯೊಳಗೇ ಕೂರಿಸಿಕೊಂಡಿತು ಎಂಬ ಜನರ ತಿಳಿವಳಿಕೆ ಮುಖ್ಯ. ಯುರೋಪಿನ ಯಾವ ಮಹಾ ಅರಮನೆಯ ಗೋಡೆಯಾದರೂ ಇಂಥದೊಂದು ತಪ್ಪನ್ನು ಒಪ್ಪಿಕೊಂಡಿದೆಯೇ?

ಇದೆಲ್ಲ ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರನ್ನು ದಸರೆಯ ಉದ್ಘಾಟನೆಗೆ ಕರೆದಾಗ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. 2017ರಲ್ಲಿ ನಿಸಾರ್ ಅಹಮದ್ ಅವರು ಇದೇ ಹಬ್ಬವನ್ನು ಉದ್ಘಾಟಿಸಿದ್ದರು, ಅದಕ್ಕೂ ಮುನ್ನ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಇದೇ ಅರಮನೆಯ ದಿವಾನರಾಗಿದ್ದರು. ನ್ಯಾಯಾಲಯಗಳು ಅರ್ಜಿಗಳನ್ನು ತಳ್ಳಿಹಾಕಿದವು, ಹಬ್ಬ ನಡೆಯಿತು. ಆದರೆ ಒಳಗೆ ಯಾರು, ಹೊರಗೆ ಯಾರು ಎಂಬ ದರ್ಬಾರಿನ ಹಳೆಯ ಪ್ರಶ್ನೆ ದರ್ಬಾರು ಹೋದ ಮೇಲೂ ಹೋಗಿಲ್ಲ.

ಪ್ರತಿವರ್ಷ ನಮ್ಮ ಶಾಲೆಗಳು ಮಕ್ಕಳನ್ನು ಅರಮನೆಗೆ ಪ್ರವಾಸ ಕರೆದೊಯ್ಯುತ್ತವೆ. ಅಂಬಾರಿಯ ತೂಕವೆಷ್ಟು, ದೀಪಗಳೆಷ್ಟು ಎಂಬುದನ್ನು ಮಕ್ಕಳು ಬರೆದುಕೊಂಡು ಬರುತ್ತಾರೆ. ಅದೂ ಇರಲಿ. ಜೊತೆಗೆ ಈ ಸಭಾಂಗಣ ಕಟ್ಟುವಾಗ ದೊರೆಯ ಕೈಯಲ್ಲಿ ಎಷ್ಟು ಅಧಿಕಾರವಿತ್ತು, ಇಲ್ಲಿ ಯಾರಿಗೆ ಪ್ರವೇಶವಿರಲಿಲ್ಲ, ಈ ಗೋಡೆಯ ಮೇಲೆ ಯಾರ ಚಿತ್ರವಿಲ್ಲ ಎಂದು ಕೇಳಲೂ ಮೇಷ್ಟರು ಅವರಿಗೆ ಕಲಿಸಲಿ. ಹಾಗೆ ಕೇಳುವ ಮಗುವಿಗೆ ಅರಮನೆಯ ಸೊಬಗು ಕಡಿಮೆಯಾಗಿ ಕಾಣುವುದಿಲ್ಲ. ಆದರೆ ಅದು ತಲೆಬಾಗಿ ಹೊರಬರುವುದಿಲ್ಲ.