ಹಳಿಯ ಮೇಲಿನ ಸಾಪೇಕ್ಷತೆ

ನಾನು ಕನ್ನಡ ಪಾಠ ಹೇಳುವವನು, ಭೌತವಿಜ್ಞಾನಿಯಲ್ಲ. ಆದರೆ ಜನಸಾಮಾನ್ಯರಿಗಾಗಿ ಬರೆದ ಶಾಸ್ತ್ರಗ್ರಂಥವೂ ಗ್ರಂಥವೇ. ಅದರ ಉಪಮೆಗಳನ್ನು ಒರೆಗೆ ಹಚ್ಚುವ ಹಕ್ಕು ಓದುಗನಿಗುಂಟು. ಸಾಪೇಕ್ಷತೆಯನ್ನು ಕುರಿತು ಐನ್‌ಸ್ಟೈನರು 1917ರಲ್ಲಿ ಪ್ರಕಟಿಸಿದ ಚಿಕ್ಕ ಹೊತ್ತಗೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿದೆ.

ಅದರ ಮೊದಲ ಭಾಗಕ್ಕೆ ರೈಲುಗಾಡಿಯೇ ನಾಯಕ. ಗಾಡಿ ನೇರ ಹಳಿಯ ಮೇಲೆ ಓಡುತ್ತದೆ; ಪ್ರಯಾಣಿಕ ಅದರೊಳಗೆ ಅದೇ ದಿಕ್ಕಿನಲ್ಲಿ ನಡೆಯುತ್ತಾನೆ; ದಂಡೆಯ ಮೇಲಿನವನು ಅಳೆಯುತ್ತಾನೆ. ಇಷ್ಟೇ ಸಾಮಗ್ರಿಯಿಂದ ಕಾಲದ ಕಲ್ಪನೆಯನ್ನು ಬುಡಮೇಲು ಮಾಡಿದ್ದು ಅಸಾಧಾರಣ ಗದ್ಯಶಕ್ತಿ. ಆದರೆ ಉಪಮೆಗೂ ಎಲ್ಲೆಯುಂಟು. ಒಂದೇ ಗೆರೆಯ ಮೇಲಿನ ಎರಡು ವೇಗಗಳನ್ನು ಯಾವ ಕ್ರಮದಲ್ಲಿ ಕೂಡಿಸಿದರೂ ಫಲ ಒಂದೇ. ಗಾಡಿಗೆ ತಿರುವಿಲ್ಲ, ಆದ್ದರಿಂದ ಸಿದ್ಧಾಂತದ ಒಂದು ವಿಸ್ಮಯ ಓದುಗನ ಕಣ್ಣಿಗೆ ಬೀಳುವುದೇ ಇಲ್ಲ.

ಬಲಕ್ಕೆ ತಿರುಗಿ ಮುಂದೆ ಸಾಗುವುದೂ ಮುಂದೆ ಸಾಗಿ ಬಲಕ್ಕೆ ತಿರುಗುವುದೂ ಬೇರೆಬೇರೆ ಎಂಬುದನ್ನು ಮಕ್ಕಳೂ ಬಲ್ಲರು. ತಿರುಗದೆ ಬರಿಯ ವೇಗಗಳನ್ನಷ್ಟೇ ಕೂಡಿಸಿದರೆ? ನ್ಯೂಟನ್ನನ ಲೆಕ್ಕದಲ್ಲಿ ಕ್ರಮಕ್ಕೆ ಬೆಲೆಯಿಲ್ಲ, ಸಾಪೇಕ್ಷತೆಯಲ್ಲಿ ಉಂಟು. ಬೆಳಕಿನ ವೇಗವನ್ನು 1 ಎಂದಿಟ್ಟುಕೊಳ್ಳೋಣ. ಪೂರ್ವಕ್ಕೆ 0.6 ವೇಗದಲ್ಲಿ ಸಾಗುವ ನೌಕೆಯಿಂದ, ನೌಕೆಯವರ ಅಳತೆಯಲ್ಲಿ ನೇರ ಉತ್ತರಕ್ಕೆ, ಅಷ್ಟೇ ವೇಗದಲ್ಲಿ ಒಂದು ಗುಂಡು ಹಾರಲಿ. ನೆಲದವನಿಗೆ ಅದರ ಪೂರ್ವದ ವೇಗ 0.6, ಉತ್ತರದ ವೇಗ 0.48 ಮಾತ್ರ. ನೌಕೆ ಉತ್ತರಕ್ಕೂ ಗುಂಡು ಪೂರ್ವಕ್ಕೂ ಹೋದರೆ ಈ ಅಂಕಿಗಳು ಅದಲುಬದಲಾಗುತ್ತವೆ. ಒಟ್ಟು ವೇಗ ಎರಡರಲ್ಲೂ ಸುಮಾರು 0.77, ದಿಕ್ಕಿನಲ್ಲಿ ಮಾತ್ರ ಸುಮಾರು 12.7 ಡಿಗ್ರಿ ಅಂತರ. ಯಾರೂ ತಿರುಗಿಸದೆಯೇ ಒಂದು ತಿರುವು ಹುಟ್ಟಿತು! ಅರಮನೆಯ ಪದಗಳನ್ನು ಹಿಂದುಮುಂದಾಗಿಸಿದರೆ ಮನೆಯರಸನಾಗುವಂತೆ, ಇಲ್ಲಿಯೂ ಕ್ರಮವೇ ಅರ್ಥ.

ಇದು ಬರಿಯ ಗಣಿತದ ಚಮತ್ಕಾರವಲ್ಲ. ಎಲೆಕ್ಟ್ರಾನಿಗೆ ಸ್ವಂತ ಭ್ರಮಣೆಯುಂಟೆಂದು ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ 1925ರಲ್ಲಿ ಸೂಚಿಸಿದರು. ಆದರೆ ರೋಹಿತದ ಗೆರೆಗಳ ಅಂತರ, ಲೆಕ್ಕ ಹಾಕಿದಾಗ, ಪ್ರಯೋಗದಲ್ಲಿ ಕಂಡದ್ದರ ಎರಡರಷ್ಟಾಯಿತು. ಪರಮಾಣುವಿನ ಬೀಜವನ್ನು ಸುತ್ತುತ್ತ ಕ್ಷಣಕ್ಷಣಕ್ಕೂ ವೇಗದ ದಿಕ್ಕು ಬದಲಿಸುವ ಎಲೆಕ್ಟ್ರಾನಿನ ಅಕ್ಷ ಇಂಥ ತಿರುವುಗಳು ಕೂಡಿಕೊಂಡು ತಾನೂ ತಿರುಗುತ್ತದೆಂದು, ಕೋಪನ್‌ಹೇಗನ್ನಿನಲ್ಲಿದ್ದ ತರುಣ ಥಾಮಸ್ 1926ರಲ್ಲಿ ತೋರಿಸಿದರು. ತೊಡಕು ಬಿಟ್ಟಿತು.

1917ರ ಗ್ರಂಥ 1926ರ ಶೋಧವನ್ನು ಹೇಳಲಿಲ್ಲವೆಂದು ದೂರುವುದು ಅನ್ಯಾಯ. ಆದರೆ ಮೊಳಕೆ ಮೊದಲೇ ಇತ್ತು. ಒಟ್ಟು ವೇಗದ ಸೂತ್ರದಲ್ಲಿ ಎರಡು ವೇಗಗಳಿಗೂ ಸಮಾನ ಸ್ಥಾನವಿರುವುದನ್ನು ಐನ್‌ಸ್ಟೈನರು 1905ರ ಲೇಖನದಲ್ಲೇ ಗುರುತಿಸಿದ್ದರು. ದಿಕ್ಕಿಗೆ ಆ ಸಮಾನತೆಯಿಲ್ಲವೆಂದು ಎತ್ತಿ ಹೇಳಲಿಲ್ಲ. ಹೊತ್ತಗೆಯ ಮೊದಲ ಅನುಬಂಧದಲ್ಲಿ, ನೇರ ಚಲನೆಯ ಪರಿವರ್ತನೆಯನ್ನೂ ಅಕ್ಷಗಳ ತಿರುವನ್ನೂ ಜೋಡಿಸಿ ಸಾಮಾನ್ಯ ಪರಿವರ್ತನೆಯನ್ನು ಪಡೆಯಬಹುದೆನ್ನುತ್ತಾರೆ. ಜೋಡಣೆಯ ಕ್ರಮದ ಬಗ್ಗೆ ಮೌನ. 1952ರಲ್ಲಿ ಐದನೆಯ ಅನುಬಂಧವನ್ನು ಸೇರಿಸಿದಾಗಲೂ ಆ ಮೌನ ಮುರಿಯಲಿಲ್ಲ.

ಸರಳತೆ ಗುಣವೇ, ಆದರೆ ಎಲ್ಲಿ ಸರಳಗೊಳಿಸಿದೆವೆಂದು ಹೇಳುವುದು ಪ್ರಾಮಾಣಿಕತೆ. ಕನ್ನಡದಲ್ಲಿ ಸಾಪೇಕ್ಷತೆಯನ್ನು ಬರೆಯುವವರು ರೈಲುಗಾಡಿಯನ್ನು ಬಿಡಬೇಕಾಗಿಲ್ಲ. ಅದಕ್ಕೆ ಅಡ್ಡಲಾಗಿ ಒಂದು ಚೆಂಡನ್ನು ಎಸೆದು ತೋರಿಸಲಿ. ಎರಡು ಪುಟ ಹೆಚ್ಚಾದೀತು. ಓದುಗ ಅಷ್ಟನ್ನು ತಾಳಬಲ್ಲ.